ಹದಿನೇಳರ ಮಕ್ಕಳಿಗೆ ದೊಡ್ಡ ಪ್ರಶ್ನೆ ಕೇಳೋಣ

ಫ್ರಾನ್ಸ್‌ನಲ್ಲಿ ಜೂನ್ ಬಂತೆಂದರೆ ಹದಿನೇಳು ಹದಿನೆಂಟರ ಮಕ್ಕಳು ನಾಲ್ಕು ತಾಸು ಕೂತು ತತ್ವಶಾಸ್ತ್ರದ ಪರೀಕ್ಷೆ ಬರೆಯುತ್ತಾರೆ. ಡಿಗ್ರಿಗೆ ಅಲ್ಲ, ನಮ್ಮ ಎರಡನೇ ಪಿಯುಸಿಗೆ ಸಮನಾದ ಬ್ಯಾಕಲೋರಿಯಾಗೆ. ಗಣಿತ ಓದುವವರೂ ಬರೆಯಬೇಕು. 2023ರ ಒಂದು ಪ್ರಶ್ನೆ: ಸುಖ ಎನ್ನುವುದು ಬುದ್ಧಿಗೆ ಸೇರಿದ ವಿಷಯವೇ? 2024ರದ್ದು: ಪ್ರಭುತ್ವ ನಮಗೆ ಏನಾದರೂ ಕೊಡಬೇಕಾಗಿದೆಯೇ? ಒಂದೇ ಸಾಲು, ಅಷ್ಟೇ. ಅವತ್ತೇ ಅದು ಟಿವಿಯಲ್ಲಿ ಬರುತ್ತದೆ, ದೊಡ್ಡವರೂ ಚರ್ಚೆ ಮಾಡುತ್ತಾರೆ.

ನಾನು ಫ್ರಾನ್ಸ್‌ನ ಲಿಯಾನ್ ನಗರದಲ್ಲಿ ತತ್ವಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಊರಲ್ಲಿ ಪಿಯುಸಿಗೆ ಪಿಸಿಎಂಬಿ ತೆಗೆದುಕೊಂಡಿದ್ದೆ. ನಮ್ಮಲ್ಲಿ ತರ್ಕಶಾಸ್ತ್ರ ಕಲಾ ವಿಭಾಗದ ಐಚ್ಛಿಕ ವಿಷಯ. ಸೈನ್ಸ್ ಮಕ್ಕಳಿಗೆ ಅದರ ಗಾಳಿಯೂ ಸೋಕುವುದಿಲ್ಲ.

ಇಲ್ಲಿ ಒಮ್ಮೆ ಇಡೀ ತರಗತಿ ಹದಿನೇಳನೇ ಶತಮಾನದ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್‌ನ ಒಂದೇ ಪುಟದ ಮೇಲೆ ನಡೆಯಿತು. ಗೂಡಿನಿಂದ ಆಗಷ್ಟೇ ತೆಗೆದ ಜೇನುಮೇಣ. ಜೇನಿನ ರುಚಿ ಇನ್ನೂ ಇದೆ, ಹೂವಿನ ವಾಸನೆ ಇದೆ, ಬೆರಳಿಂದ ತಟ್ಟಿದರೆ ಸದ್ದು ಬರುತ್ತದೆ. ಬೆಂಕಿ ಹತ್ತಿರ ಹಿಡಿದರೆ ಎಲ್ಲವೂ ಹೋಗುತ್ತದೆ. ಆದರೂ ಅದೇ ಮೇಣ ಅಂತೀವಲ್ಲ, ಹೇಗೆ? ಒಬ್ಬಳು "ಕಣ್ಣಿಗೆ ಕಾಣುತ್ತಲ್ಲ" ಅಂದಳು. "ಕಣ್ಣಿಗೆ ಕಂಡದ್ದೆಲ್ಲ ಬದಲಾಯಿತಲ್ಲ" ಅಂದರು ಮೇಷ್ಟ್ರು. ಎರಡು ತಾಸು ಹೀಗೇ ನಡೆಯಿತು. ಅವರು ಕೊನೆವರೆಗೂ ನೋಟ್ಸ್ ಕೊಡಲಿಲ್ಲ.

ನನಗೆ ನಮ್ಮ ವೇದಾಂತದ ಮಣ್ಣು ಮತ್ತು ಮಡಕೆಯ ಉದಾಹರಣೆ ನೆನಪಾಯಿತು. ರೂಪ ಬರೀ ಹೆಸರು, ಮಣ್ಣೇ ನಿಜ ಅನ್ನುತ್ತಾರೆ ಶಂಕರರು. ಲೋಕವೂ ನಿಜ, ಅದರೊಳಗಿನ ಭೇದವೂ ನಿಜ ಅನ್ನುತ್ತಾರೆ ಮಧ್ವರು. ಶೃಂಗೇರಿ, ಉಡುಪಿ, ರಾಮಾನುಜರು ನೆಲೆಸಿದ್ದ ಮೇಲುಕೋಟೆ, ಮೂರೂ ನಮ್ಮ ರಾಜ್ಯದಲ್ಲೇ ಇವೆ. ಶಾಲೆಯಿಂದ ಮೂರೂ ಕಡೆ ಪ್ರವಾಸ ಹೋಗುತ್ತೇವೆ. ಅವರ ನಡುವಿನ ಜಗಳ ಯಾವುದರ ಬಗ್ಗೆ ಅಂತ ಯಾರೂ ಹೇಳಿಕೊಡುವುದಿಲ್ಲ. ಎದುರಾಳಿಯ ವಾದವನ್ನು ಮೊದಲು ಪೂರ್ತಿಯಾಗಿ ಹೇಳು, ಆಮೇಲೆ ನಿನ್ನದು ಹೇಳು ಅನ್ನುವ ಪೂರ್ವಪಕ್ಷದ ಪದ್ಧತಿ ನಮ್ಮದೇ. ಇಲ್ಲಿನ ಪ್ರಬಂಧದಲ್ಲಿ ಕೇಳುವುದೂ ಹೆಚ್ಚುಕಮ್ಮಿ ಅದನ್ನೇ. 2020ರಿಂದ ಇಲ್ಲಿನ ಶಾಲೆಯಲ್ಲಿ ಓದಿಸುವ ತತ್ವಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಬೌದ್ಧ ದಾರ್ಶನಿಕ ನಾಗಾರ್ಜುನನ ಹೆಸರೂ ಇದೆ. ನೋಡಿ ಖುಷಿಯಾಯಿತು, ಹೊಟ್ಟೆಯೂ ಉರಿಯಿತು.

ಇಲ್ಲಿ ಎಲ್ಲ ಸರಿಯಿದೆ ಅಂತಲ್ಲ. ಐಟಿಐ ಥರದ ವೃತ್ತಿ ವಿಭಾಗದ ಮಕ್ಕಳಿಗೆ ಈ ಪರೀಕ್ಷೆ ಇಲ್ಲ. ಬಡವರ ಮಕ್ಕಳೇ ಅಲ್ಲಿ ಜಾಸ್ತಿ. ಅದು ನನಗೆ ಒಪ್ಪಿಗೆಯಾಗದ ಮಾತು.

ದೊಡ್ಡ ಪ್ರಶ್ನೆಗಳು ನಮ್ಮ ಮನೆಗಳಲ್ಲೂ ಇವೆ. ಸಾವಿನ ಮನೆಯಲ್ಲಿ "ಋಣ ತೀರಿತು" ಅಂತೀವಿ. ನೊಂದವರಿಗೆ ಆ ಮಾತು ಬೇಕು, ಅಲ್ಲಿ ಅದನ್ನು ಕೆದಕಬಾರದು. ಆದರೆ ಹದಿನೇಳರ ಹುಡುಗಿಗೆ "ಯಾರ ಋಣ, ಯಾರಿಗೆ?" ಅಂತ ಕೇಳಬೇಕು ಅನಿಸಿದರೆ ಒಂದು ಜಾಗ ಬೇಕಲ್ವಾ? ಮನೆಯಲ್ಲಿ ಕೇಳಿದರೆ ಅಧಿಕಪ್ರಸಂಗ. ಕಾಲೇಜಿನಲ್ಲಿ ಕೇಳಿದರೆ ಸಿಲಬಸ್‌ನಲ್ಲಿಲ್ಲ.

ನಾಲ್ಕು ತಾಸಿನ ಪರೀಕ್ಷೆ ಈಗಲೇ ಬೇಡ. ಇಂಥ ಪೇಪರ್ ತಿದ್ದುವುದು ಇಲ್ಲಿನ ಮೇಷ್ಟ್ರುಗಳಿಗೂ ಕಷ್ಟವೇ. ವಾರಕ್ಕೊಂದು ಪಿರಿಯಡ್ ಸಾಕು, ಕನ್ನಡದಲ್ಲಿ, ಮಾರ್ಕ್ಸ್ ಇಲ್ಲದೆ. ತರ್ಕಶಾಸ್ತ್ರದ ಉಪನ್ಯಾಸಕರಿರುವ ಪಿಯು ಕಾಲೇಜುಗಳಿಂದಲೇ ಶುರು ಮಾಡಬಹುದು. ಸೈನ್ಸ್ ಸೆಕ್ಷನ್ ಮಕ್ಕಳನ್ನೂ ಅಲ್ಲಿ ಕೂರಿಸಬೇಕು. ಅವತ್ತು ನೀಟ್, ಸಿಇಟಿ ಕೋಚಿಂಗ್ ಒಂದು ತಾಸು ತಡವಾದರೂ ಪರವಾಗಿಲ್ಲ.