ಯಲಹಂಕ ಗ್ಯಾಸ್ ಪ್ಲಾಂಟಲ್ಲಿ ಸುಡೋದು ನಮ್ಮ ಸಿಲಿಂಡರ್ ಗ್ಯಾಸಾ? ಸತ್ಯಾಂಶ ಇಲ್ಲಿದೆ

ಫ್ಯಾಮಿಲಿ ಗ್ರೂಪಲ್ಲಿ ಮತ್ತೆ ಅದೇ ಫಾರ್ವರ್ಡ್ ಬಂತು: ಯಲಹಂಕದ ಕರೆಂಟ್ ಪ್ಲಾಂಟಲ್ಲಿ ನಮ್ ಅಡುಗೆ ಗ್ಯಾಸ್ ಸುಡ್ತಾರಂತೆ, ಮೇಲೆ ಬರೋ ಬಿಳಿ ಹೊಗೆ ವಿಷವಂತೆ.

ಎರಡೂ ತಪ್ಪು. ರಾಜ್ಯ ಸರ್ಕಾರದ ಕರೆಂಟ್ ಕಂಪನಿ ಕೆಪಿಸಿಎಲ್‌ನ ಈ 370 ಮೆಗಾವ್ಯಾಟ್ ಪ್ಲಾಂಟ್‌ಗೆ ಬರೋದು ನ್ಯಾಚುರಲ್ ಗ್ಯಾಸ್, ಅಂದ್ರೆ ಹೆಚ್ಚುಕಮ್ಮಿ ಮೀಥೇನ್, ಅದೂ ಮಹಾರಾಷ್ಟ್ರದ ದಾಭೋಲ್ ಕಡೆಯಿಂದ ಬರೋ, ಕೇಂದ್ರ ಸರ್ಕಾರದ ಗ್ಯಾಸ್ ಕಂಪನಿ ಗೇಲ್‌ನ ಪೈಪ್‌ಲೈನಲ್ಲಿ. ಸಿಲಿಂಡರಲ್ಲಿರೋದು ಎಲ್‌ಪಿಜಿ, ಪ್ರೊಪೇನು ಬ್ಯುಟೇನು. ಲೀಕ್ ಆದ್ರೆ ಎಲ್‌ಪಿಜಿ ಗಾಳಿಗಿಂತ ಭಾರ ಇರೋದ್ರಿಂದ ನೆಲದ ಮೇಲೆ, ಸ್ಟವ್ ಕಟ್ಟೆ ಕೆಳಗೇ ಕೂತ್ಕೊಳತ್ತೆ, ಮೀಥೇನ್ ಮೇಲಕ್ಕೆ ಹೋಗತ್ತೆ.

ಇದು ಕಂಬೈನ್ಡ್ ಸೈಕಲ್ ಪ್ಲಾಂಟ್, ಹಾಗಂದ್ರೆ ಎರಡು ಸಲ ಗ್ಯಾಸ್ ಸುಡೋದು ಅಂತಾನೂ ಆ ಫಾರ್ವರ್ಡಲ್ಲಿ ಬರ್ದಿದಾರೆ ಪುಣ್ಯಾತ್ಮರು! ಸುಡೋದು ಒಂದೇ ಸಲ. ಮೊದ್ಲು ಗ್ಯಾಸ್ ಟರ್ಬೈನ್ ತಿರುಗತ್ತೆ, ಅದ್ರಿಂದ ಹೊರಗೆ ಬರೋ ಗಾಳಿ ಇನ್ನೂ 600 ಡಿಗ್ರಿ ಆಸುಪಾಸು ಕಾದಿರತ್ತೆ, ಆ ಬಿಸೀಲೇ ನೀರು ಕುದಿಸಿ ಸ್ಟೀಮ್ ಮಾಡಿ ಇನ್ನೊಂದು ಟರ್ಬೈನ್ ತಿರುಗಿಸ್ತಾರೆ, ಇಡ್ಲಿ ಬೇಯಿಸಿದ ಒಲೆಯ ಕಾವಲ್ಲೇ ಸ್ನಾನದ ನೀರೂ ಕಾಯಿಸ್ಕೊಂಡ ಹಾಗೆ. ಅದಕ್ಕೇ ಇಂಥ ಪ್ಲಾಂಟ್‌ಗಳಲ್ಲಿ ಇಂಧನದ ಶಕ್ತೀಲಿ ಅರ್ಧಕ್ಕಿಂತ ಜಾಸ್ತಿ ಕರೆಂಟ್ ಆಗತ್ತೆ.

ಕೂಲಿಂಗ್ ಟವರ್ ಮೇಲಿನ ಬಿಳಿ ಮೋಡ ನೀರಿನ ಆವಿ, ಚಳಿಗಾಲದ ಬೆಳಗ್ಗೆ ದಟ್ಟವಾಗಿ ಕಾಣತ್ತೆ.

ಹಾಗಂತ ಪೂರ್ತಿ ಕ್ಲೀನ್ ಅಲ್ಲ, ಚಿಮಣಿಯಿಂದ ಕಣ್ಣಿಗೆ ಕಾಣದ ಕಾರ್ಬನ್ ಡೈಆಕ್ಸೈಡು, ನೈಟ್ರೋಜನ್ ಆಕ್ಸೈಡ್ ಬರತ್ತೆ. 2020ರ ಅಕ್ಟೋಬರಲ್ಲಿ ಟ್ರಯಲ್ ಟೈಮಲ್ಲಿ ಅಲ್ಲಿ ಬೆಂಕಿ ಬಿದ್ದಿದ್ದೂ ನಿಜಾನೇ. ಕೇಳೋದಿದ್ರೆ ಅದ್ರ ಬಗ್ಗೆ ಕೇಳಿ.