ಏಡಿಯ ಮೇಲೆ ಎಫ್‌ಐಆರ್

ನಮ್ಮೂರ ಕೆರೆ ಏರಿಗೆ ಹೋದ ವಾರ ಒಂದು ಬೋರ್ಡು ಬಂದಿದೆ. 'ಎಚ್ಚರಿಕೆ: ಏರಿ ದುರ್ಬಲವಾಗಿದೆ' ಅಂತ ಕೆಂಪಕ್ಷರ. ಕೆಳಗೆ ಒಂದು ಫೋನ್ ನಂಬರು. ಎರಡು ಕಬ್ಬಿಣದ ಕಂಬ, ಬುಡಕ್ಕೆ ಕಾಂಕ್ರೀಟು. ಆಷಾಢದ ಗಾಳಿಗೂ ಜಗ್ಗುವುದಿಲ್ಲ. ಆ ಕಂಬಕ್ಕೆ ಗುಂಡಿ ತೋಡಿದ್ದು ಎಲ್ಲಿ ಅಂತೀರಾ? ಅದೇ ದುರ್ಬಲ ಏರಿಯ ಮೇಲೆ. ಮೂರಡಿ ಆಳ. ಅದಕ್ಕೆಂದೇ ಜೆಸಿಬಿ ಹತ್ತಿಸಿದ್ದರು.

ಇಷ್ಟು ಮುತುವರ್ಜಿ ತೋರಿಸಿದವರನ್ನು ಬೈಯಲು ಬಾಯಿ ಬರುವುದಿಲ್ಲ. ಏರಿ ಹೋದರೂ ಬೋರ್ಡು ಉಳಿಯುತ್ತದೆ. ನಾಳೆ ತನಿಖೆಗೆ ಬಂದವರಿಗೆ 'ನಾವು ಹೇಳಿದ್ದೆವು' ಅಂತ ತೋರಿಸಲು ಒಂದು ಬೇಕಲ್ಲ.

ಇನ್ನು ಕಾರಣ ಬೇಕಾದರೆ ಏಡಿ ಇದ್ದೇ ಇದೆ. ತಿವರೆ ಮರೆತಿಲ್ಲ ಅಲ್ವಾ? ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆ, 2019ರ ಜುಲೈ 2ರ ರಾತ್ರಿ. ಮಣ್ಣಿನ ಕಟ್ಟೆ ಒಡೆದು, ಮನೆಗಳ ಸಮೇತ ಇಪ್ಪತ್ತಕ್ಕೂ ಹೆಚ್ಚು ಜನರನ್ನು ನೀರು ಎಳೆದುಕೊಂಡು ಹೋಯಿತು. ಅಲ್ಲಿನ ಜಲ ಸಂರಕ್ಷಣಾ ಸಚಿವರು ಎರಡೇ ದಿನದಲ್ಲಿ ಆರೋಪಿಯನ್ನು ಹಿಡಿದರು. ಹದಿನೈದು ವರ್ಷ ಏನೂ ಆಗದ ಕಟ್ಟೆಯಂತೆ, ಈಚೆಗೆ ಏಡಿ ಜಾಸ್ತಿಯಾಗಿ ಸೋರಿತಂತೆ. ಕಟ್ಟೆ ಸೋರುತ್ತಿದೆ ಎಂದು ಊರವರು ಮೊದಲೇ ದೂರು ಕೊಟ್ಟಿದ್ದರು. ದೂರಿನಲ್ಲಿ ಏಡಿಯ ಹೆಸರು, ತಂದೆಯ ಹೆಸರು, ವಿಳಾಸ ಬರೆಯಲಿಲ್ಲ ನೋಡಿ, ಅಲ್ಲೇ ಎಡವಿದರು.

ವಿರೋಧ ಪಕ್ಷದವರು ಏಡಿಗಳನ್ನೇ ಪೊಲೀಸ್ ಠಾಣೆಗೆ ಹೊತ್ತು ತಂದು, ಇವುಗಳ ಮೇಲೆ ಕೊಲೆ ಕೇಸು ಹಾಕಿ ಅಂದರು. ಪಾಪದ ಪ್ರಾಣಿ. ಟೆಂಡರ್ ಕರೆದಿಲ್ಲ, ಬಿಲ್ ಬರೆದಿಲ್ಲ. ಹತ್ತು ಕಾಲಿದ್ದರೂ ಸಹಿ ಹಾಕಲು ಒಂದು ಕೈಯಿಲ್ಲ. ಅದು ಮಾಡಿದ ಒಂದೇ ಬಿಲ ಇಷ್ಟು ದೊಡ್ಡ ಸುದ್ದಿಯಾಯಿತು. ಉಳಿದವರ ಬಿಲ್ಲುಗಳೆಲ್ಲ ಸದ್ದಿಲ್ಲದೆ ಪಾಸಾಗುತ್ತವೆ.

ನಮ್ಮ ಮಲೆನಾಡಿನವರನ್ನು ಕೇಳಿದ್ದರೆ ಪರಿಹಾರ ಅವತ್ತೇ ಸಿಗುತ್ತಿತ್ತು. ಮಳೆ ಹಿಡಿದ ಸಂಜೆ ಟಾರ್ಚು, ಒಂದು ಬಕೆಟ್ಟು ಹಿಡಿದು ಗದ್ದೆಗೆ ಇಳಿದರೆ ಮುಗಿಯಿತು. ರಾತ್ರಿ ಏಡಿ ಸಾರು, ಜೊತೆಗೆ ಅಕ್ಕಿರೊಟ್ಟಿ. ಅಣೆಕಟ್ಟು ಸುರಕ್ಷತೆಯ ಕೆಲಸಕ್ಕೆ ಇಷ್ಟು ರುಚಿ ಇದೆ ಅಂತ ಎಂಜಿನಿಯರಿಂಗ್ ಕಾಲೇಜಿನಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಇಲಿಗೂ ಇದರಲ್ಲಿ ಪಾಲಿದೆ. 2017ರಲ್ಲಿ ಬಿಹಾರದ ಪ್ರವಾಹಕ್ಕೆ ಮಂತ್ರಿಗಳು ಕೊಟ್ಟ ಕಾರಣ, ಒಡ್ಡುಗಳನ್ನು ಕೊರೆದ ಇಲಿಗಳು. ಅದೇ ವರ್ಷ ಕೆಲವು ತಿಂಗಳ ಹಿಂದೆ ಅಲ್ಲಿನ ಠಾಣೆಗಳಲ್ಲಿ ವಶಪಡಿಸಿಕೊಂಡಿದ್ದ ಮದ್ಯ ಕಾಣೆಯಾದಾಗಲೂ ಪೊಲೀಸರು ಇಲಿಯನ್ನೇ ತೋರಿಸಿದ್ದರು. ಅಂದರೆ ಕುಡಿದ ಅಮಲಿನಲ್ಲೇ ಕೊರೆದಿರಬೇಕು. ಆದರೆ ಆ ಸೆಪ್ಟೆಂಬರಿನಲ್ಲಿ ಭಾಗಲ್ಪುರ ಜಿಲ್ಲೆಯ 389 ಕೋಟಿಯ ಕಾಲುವೆ ಯೋಜನೆಯ ಗೋಡೆ ಉದ್ಘಾಟನೆಯ ಹಿಂದಿನ ದಿನವೇ ಒಡೆಯಿತು. ಪಾಪ, ಇಲಿಗೆ ಅಲ್ಲಿ ಗೃಹಪ್ರವೇಶಕ್ಕೂ ಪುರುಸೊತ್ತು ಸಿಗಲಿಲ್ಲ.

ಸಾಕು. ನಗು ಬರುತ್ತಿಲ್ಲ.

ಏಡಿ ಬಿಲ ತೋಡುವುದು ನಿಜ. ಇಲಿ ತೋಡುತ್ತದೆ, ಮುಳ್ಳುಹಂದಿ ತೋಡುತ್ತದೆ. ಏರಿ ಮೇಲೆ ಬೆಳೆದ ಜಾಲಿಯ ಬೇರು ಸತ್ತು ಕೊಳೆತರೆ ಒಳಗೇ ಒಂದು ಕೊಳವೆಯಾಗುತ್ತದೆ. ಅದರಲ್ಲಿ ನೀರು ನುಗ್ಗಿ ಒಂದೊಂದೇ ಕಣ ಮಣ್ಣು ಹೊತ್ತು ಹೊರಗೆ ಬರುತ್ತದೆ. ಮೊದಲು ಬೆರಳು ಗಾತ್ರ, ಆಮೇಲೆ ತೊಡೆ ಗಾತ್ರ, ಕೊನೆಗೆ ಊರೇ ಇಲ್ಲ. ಇದು ಏರಿ ಕಟ್ಟಿದ ಕಾಲದಿಂದ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದಕ್ಕೇ ನೀರುಗಂಟಿ ಅಂತ ಒಬ್ಬ ಇದ್ದ. ತೂಬು ಎತ್ತುವುದು ಇಳಿಸುವುದು ಮಾತ್ರ ಅವನ ಕೆಲಸವಲ್ಲ. ಏರಿ ಮೇಲೆ ನಡೆಯಬೇಕು, ಬಿಲ ಮುಚ್ಚಬೇಕು, ಗಿಡ ಕೀಳಬೇಕು. ಅವನ ಹೊಟ್ಟೆಗೆ ಊರಿನ ಕಣದಿಂದ ಕಾಳು ಹೋಗುತ್ತಿತ್ತು. ಕೆರೆ ಕಟ್ಟಿದವರಿಗೆ, ಕಾಯುವವರಿಗೆ ಕಟ್ಟುಗೊಡಗೆ ಅಂತ ಗದ್ದೆ ಬಿಟ್ಟಿದ್ದನ್ನು ಕಲ್ಲಿನಲ್ಲಿ ಕೊರೆಸಿದ್ದಾರೆ. ಆ ಶಾಸನದ ಕಲ್ಲಿನ ಮೇಲೆ ನಮ್ಮೂರಿನಲ್ಲಿ ಈಗ ಬಟ್ಟೆ ಒಗೆಯುತ್ತಾರೆ.

ಈಗ ಕಾಯ್ದೆ ಇದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ. 15 ಮೀಟರಿಗಿಂತ ಎತ್ತರ ಇದ್ದರೆ ನೀವು ಅಣೆಕಟ್ಟು. 10ರಿಂದ 15 ಮೀಟರಿನೊಳಗೆ ಇದ್ದರೆ ಉದ್ದ, ನೀರಿನ ಅಳತೆ ಅಂತ ಒಂದಷ್ಟು ಷರತ್ತು. ಅದಕ್ಕಿಂತ ಕುಳ್ಳಾಗಿದ್ದರೆ ಆ ಕಾಯ್ದೆಯ ಕಣ್ಣಿಗೆ ಬೀಳುವುದಿಲ್ಲ. ರಾಜ್ಯದಲ್ಲಿ ಕೆರೆಗಳು ಸುಮಾರು 36 ಸಾವಿರ ಅನ್ನುತ್ತಾರೆ, ಅದರಲ್ಲಿ ಮುಕ್ಕಾಲು ಪಾಲು ಈ ಕುಳ್ಳರ ಜಾತಿಯೇ ಇದ್ದೀತು. ನಮ್ಮ ಏರಿ ಆರು ಮೀಟರ್. ಅದರ ಕೆಳಗೆ ಇರುವ ಅಂಗನವಾಡಿಯ ಮಕ್ಕಳು ಒಂದು ಮೀಟರ್ ಕೂಡ ಇಲ್ಲ.

ಆದರೂ ಕೆರೆ ತುಂಬಿದ ದಿನ ಎಲ್ಲರೂ ಬರುತ್ತಾರೆ. ಬಾಗಿನ, ಶಾಲು, ಡ್ರೋನು. ಹೋದ ವರ್ಷ ನೂರಾರು ಜನ ಆ ಏರಿಯ ಮೇಲೆ ನಿಂತಿದ್ದರು, ಮೇಲೆ ಹದಿನಾಲ್ಕು ಕಾರು. ಕೋಡಿಗೆ ಅಡ್ಡ ಮರಳಿನ ಮೂಟೆ ಇಟ್ಟು ಇನ್ನೊಂದು ಅಡಿ ನೀರು ನಿಲ್ಲಿಸಿದ್ದರು, ಫೋಟೋದಲ್ಲಿ ತುಂಬಿದ ಹಾಗೆ ಕಾಣಲಿ ಅಂತ. ಏರಿಯ ಹಿಂಭಾಗಕ್ಕೆ ಯಾರೂ ಇಳಿದು ನೋಡಲಿಲ್ಲ. ಅಲ್ಲಿ ಜಾಲಿ ಮುಳ್ಳು. ಬಿಳಿ ಪಂಚೆ ಹರಿಯುತ್ತದೆ.

ಕೊನೆಯ ನೀರುಗಂಟಿ ನಮ್ಮ ತಾತನ ಗೆಳೆಯ. ಏರಿ ಬುಡದಲ್ಲಿ ಒಸರಿದ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡುತ್ತಿದ್ದ. ತಿಳಿಯಾಗಿದ್ದರೆ ಮನೆಗೆ ಹೋಗಿ ಮಲಗು, ಕೆಂಪಾಗಿದ್ದರೆ ಊರು ಎಬ್ಬಿಸು ಮಗಾ, ಅನ್ನುತ್ತಿದ್ದ.

ಮೊನ್ನೆ ಮಳೆ ನಿಂತ ಮೇಲೆ ಇಳಿದು ಹೋಗಿ ಬೊಗಸೆ ಒಡ್ಡಿದೆ. ಕೆಂಪಾಗಿತ್ತು. ಬೋರ್ಡಿನಲ್ಲಿದ್ದ ನಂಬರಿಗೆ ಫೋನ್ ಹಚ್ಚಿದೆ. ಕಾಲರ್ ಟ್ಯೂನಿನಲ್ಲಿ ನೀರು ಉಳಿಸಿ ಅನ್ನುತ್ತಿದ್ದಾರೆ. ಇನ್ನೂ ಯಾರೂ ಎತ್ತಿಲ್ಲ.