ಮಲ್ಪೆಯ ಹಡಗು ಕಾರ್ಖಾನೆ: ಮಾರಿದವರು ಯಾರು, ಕೊಂಡವರು ಯಾರು?

ಮಲ್ಪೆ ಬಂದರಿನ ‘ಸರ್ಕಾರಿ’ ಹಡಗು ಕಾರ್ಖಾನೆಯನ್ನು ಕೇರಳದ ಖಾಸಗಿ ಕಂಪನಿಯೊಂದಕ್ಕೆ ಗುಟ್ಟಾಗಿ ಮಾರಲಾಗಿದೆ, ಹಳೆಯ ಸಾಲವನ್ನೆಲ್ಲ ಹೊಸ ಮಾಲೀಕರು ಹೊತ್ತಿದ್ದಾರೆ, ಈಗ ಅಲ್ಲಿ ಬೀಗ ಬಿದ್ದಿದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ನಡೆದದ್ದು ಇದರ ತಲೆಕೆಳಗು.

ಮಲ್ಪೆಯ ಕಾರ್ಖಾನೆ ಇದ್ದದ್ದು ಸಾಲದಲ್ಲಿ ಮುಳುಗಿದ್ದ ಟೆಬ್ಮಾ ಶಿಪ್‌ಯಾರ್ಡ್ಸ್ ಕೈಯಲ್ಲಿ. ಅದು ಖಾಸಗಿ ಕಂಪನಿಯಾಗಿತ್ತು, ಹಡಗು ಕಟ್ಟುವ ಭಾರತಿ ಸಮೂಹಕ್ಕೆ ಸೇರಿತ್ತು. ಅದನ್ನು ಕೊಂಡ ಕೊಚ್ಚಿನ್ ಶಿಪ್‌ಯಾರ್ಡ್ ಕೇಂದ್ರ ಸರ್ಕಾರದ ಉದ್ಯಮ. 2017ರಲ್ಲಿ ಅದರ ಷೇರುಗಳು ಮಾರುಕಟ್ಟೆಗೆ ಬಂದವು, ನಿಜ. ಆದರೆ ಹೆಚ್ಚಿನ ಪಾಲು ಇಂದಿಗೂ ಕೇಂದ್ರದ ಕೈಯಲ್ಲೇ ಇದೆ. ಗೊಂದಲ ಹುಟ್ಟಿದ್ದು ಬಹುಶಃ ಇಲ್ಲಿಯೇ.

‘ಗುಟ್ಟಾಗಿ ಮಾರಿದರು’ ಎಂಬ ಮಾತಿಗೂ ಹುರುಳಿಲ್ಲ. ಪ್ರಕರಣ 2016ರ ದಿವಾಳಿ ಸಂಹಿತೆಯಡಿ, ಅಂದರೆ ಸಾಲ ತೀರಿಸಲಾಗದ ಕಂಪನಿಗಳಿಗೆ ಅನ್ವಯಿಸುವ ಕಾನೂನಿನಡಿ, ನಡೆಯಿತು. ಈ ದಾರಿಯಲ್ಲಿ ಹಳೆಯ ಮಾಲೀಕರು ತಮಗೆ ಬೇಕಾದವರಿಗೆ ಮಾರುವಂತಿಲ್ಲ. ಕೊಳ್ಳಲು ಬಯಸುವವರು ಸಾಲಗಾರರಿಗೆ ಎಷ್ಟು ಕೊಡುತ್ತೇವೆ, ಕಂಪನಿಯನ್ನು ಹೇಗೆ ನಡೆಸುತ್ತೇವೆ ಎಂಬ ಯೋಜನೆ ಸಲ್ಲಿಸಬೇಕು, ಸಾಲ ಕೊಟ್ಟವರ ಸಮಿತಿಯಲ್ಲಿ ಕನಿಷ್ಠ 66 ಶೇಕಡಾ ಮತ ಬೀಳಬೇಕು, ಬಳಿಕ ಕಂಪನಿ ಕಾನೂನು ನ್ಯಾಯಮಂಡಳಿ ಒಪ್ಪಬೇಕು. ನ್ಯಾಯಮಂಡಳಿಯ ಚೆನ್ನೈ ಪೀಠ 2020ರ ಮಾರ್ಚ್‌ನಲ್ಲಿ ಒಪ್ಪಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸ್ವಾಧೀನ ಮುಗಿಯಿತು. ಹಳೆಯ ಸಾಲವನ್ನೆಲ್ಲ ಹೊಸ ಮಾಲೀಕರು ಹೊತ್ತರು ಎನ್ನುವುದೂ ತಪ್ಪು. ಯೋಜನೆಯಲ್ಲಿ ಒಪ್ಪಿದಷ್ಟನ್ನು ಕೊಟ್ಟರೆ ಉಳಿದ ಬಾಕಿಗೆ ಅಲ್ಲಿಗೇ ತೆರೆ. ಬ್ಯಾಂಕುಗಳಿಗೆ ಇದು ನುಂಗಲಾರದ ತುತ್ತು, ಆದರೂ ಕಾನೂನು ಹಾಗಿದೆ.

‘ಬೀಗ ಬಿದ್ದಿದೆ’ ಎಂಬುದಕ್ಕೆ ಉತ್ತರ ಚಿಕ್ಕದು. 2022ರಲ್ಲಿ ಟೆಬ್ಮಾ ಕಂಪನಿಯ ಹೆಸರು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದಾಯಿತು. ಅಲ್ಲಿ 62 ಟನ್ ಎಳೆಯುವ ಬಲದ ಟಗ್‌ಗಳು (ದೊಡ್ಡ ಹಡಗುಗಳನ್ನು ಎಳೆಯುವ ಚಿಕ್ಕ ಹಡಗುಗಳು) ತಯಾರಾಗಿವೆ. 2023ರಲ್ಲಿ ನಾರ್ವೆಯ ವಿಲ್ಸನ್ ಕಂಪನಿಯಿಂದ ತಲಾ 3,800 ಟನ್ ಸಾಮರ್ಥ್ಯದ ಆರು ಸರಕು ಹಡಗುಗಳ ಬೇಡಿಕೆಯೂ ಬಂತು.